ಗವಿಬಾಯಿಯ ಒತ್ತೆ

ಅವತ್ತು ಬೆಳಿಗ್ಗೆ ಹಾಗಲವಾಡಿಯ ಮೇಲೆ ಮಂಜು ಕವುಚಿಕೊಂಡು ಕೂತಿತ್ತು. ಕಾರ್ತಿಕದ ಕೊನೆಯ ಮಂಜು. ಮನೆ ಮುಂದಿನ ಹುಣಸೆಮರ ಅರ್ಧ ಕಾಣುತ್ತಿತ್ತು, ರಾಗಿ ಹೊಲದ ಬದು ಮಾತ್ರ ಕಾಣುತ್ತಿತ್ತು, ಅದರಾಚೆಗೆ ಗುಡ್ಡ ಇದ್ದ ಜಾಗದಲ್ಲಿ ಬರೀ ಬಿಳುಪು. ಮಹಾಲಿಂಗಯ್ಯ ಹೊಸಿಲಲ್ಲಿ ನಿಂತು, ಕಾಣದ ಗುಡ್ಡದ ಕಡೆಗೇ ಕೈಮುಗಿದರು. ಕಾಣದಿದ್ದರೆ ಇಲ್ಲ ಅಂತಲ್ಲವಲ್ಲ.

ಆ ಗುಡ್ಡದ ಗವಿಯ ಬಾಯಿಗೆ ನಾಳೆ ಪಂಚಾಯ್ತಿಯವರು ಗೋಡೆ ಕಟ್ಟುತ್ತಾರೆ. ಇಟ್ಟಿಗೆ, ಸಿಮೆಂಟು ಆಗಲೇ ಬುಡದಲ್ಲಿ ಇಳಿಸಿ ಹೋಗಿದ್ದರು.

"ಎರಡು ರೊಟ್ಟಿ ತಿಂದ್ಕೊಂಡು ಹೊರಡಿ," ಅಂದರು ಹೆಂಡತಿ ಬಸವಲಿಂಗಮ್ಮ, ಒಲೆಯ ಮುಂದಿನಿಂದಲೇ.

"ಕೊಟ್ಟು ಬಂದು ತಿಂತೀನಿ ಕಣೇ."

"ಹೋದ ವಾರವೂ ಹಿಂಗೇ ಅಂದ್ರಿ. ಗುಬ್ಬಿ ಗಂಟ ಹೋಗಿ, ಬಸ್ ಸ್ಟ್ಯಾಂಡಲ್ಲಿ ಕೂತ್ಕಂಡು ವಾಪಸ್ ಬಂದ್ರಿ."

"ಈ ಸಲ ಬರಂಗಿಲ್ಲ. ಒತ್ತೆ ನನ್ನ ಹತ್ರ ಇದ್ದಂಗೇ ಬಾಯಿ ಮುಚ್ಚಿಬಿಟ್ರೆ, ಆ ಹುಡುಗ ಒಳಗೇ ಉಳಕಂಡಂಗೆ."

ಬಸವಲಿಂಗಮ್ಮ ಕೈ ಒರೆಸಿಕೊಂಡು ಎದ್ದು, ದೇವರ ಗೂಡಿನಿಂದ ವಿಭೂತಿ ಚೀಲ ತಂದು ಗಂಡನ ಕೈಗಿಟ್ಟರು. ಅದರೊಳಗೆ ಬಟ್ಟೆಯಲ್ಲಿ ಸುತ್ತಿಟ್ಟ ಒಂದು ಕಬ್ಬಿಣದ ಉಂಗುರವಿತ್ತು.

ಊರವರ ಬಾಯಲ್ಲಿ ಅದು ಒತ್ತೆಗವಿ. ಬಹಳ ಹಿಂದೆ ಒಬ್ಬ ಸಿದ್ದ ತಪಸ್ಸಿಗೆಂದು ಒಳಗೆ ಹೋದನಂತೆ. ಹೆತ್ತವ್ವ ಗವಿಬಾಯಲ್ಲಿ ಕೂತು, ಬಾರೋ ಮಗನೇ, ಅಂಬಲಿ ಆರಿಹೋಗುತ್ತೆ ಅಂತ ಕರೆದಳಂತೆ. "ಹೊರಗೆ ನಂದು ಅಂತ ಏನೂ ಉಳೀಲಿಲ್ಲ ಕಣವ್ವ, ಯಾತಕ್ಕೆ ಬರ್ಲಿ" ಅಂತ ಒಳಗಿನಿಂದ ದನಿ ಬಂತಂತೆ. ಆಮೇಲೆ ದನಿಯೂ ಬರಲಿಲ್ಲವಂತೆ. ಅಂದಿನಿಂದ ಆ ಗವಿಗೊಂದು ಕಟ್ಟಳೆ. ಒಳಗೆ ಹೋಗುವವರು ಮೈಮೇಲಿನದೊಂದು ವಸ್ತುವನ್ನು, ಬಳೆಯೋ ಉಡಿದಾರವೋ ಹೆಗಲ ಟವೆಲ್ಲೋ, ಗವಿ ಕಾಯುವವರ ಬುಟ್ಟಿಗೆ ಹಾಕಿ ಹೋಗಬೇಕು. ಅದೇ ಒತ್ತೆ. ಸಿದ್ದಪ್ಪನ ಗೂಡಿಗೆ ದೀಪ ಹಚ್ಚಿ ತಿರುಗಿ ಬಂದಾಗ ಕಾಯುವವರು "ಬಂದ್ಯಾ?" ಅನ್ನಬೇಕು, ಹೋದವರು "ಬಂದೆ" ಅನ್ನಬೇಕು, ಆಗ ಒತ್ತೆ ಅವರ ಕೈಗೆ. ಸಂಜೆಗೆ ಬುಟ್ಟಿ ಖಾಲಿಯಾದರೆ ಗವಿಯೂ ಖಾಲಿ. ಮಹಾಲಿಂಗಯ್ಯನವರ ಅಪ್ಪ ಹೀಗೇ ಕಾದಿದ್ದರು, ಅವರಪ್ಪನೂ ಹೀಗೇ.

ದೀಪದ ಗೂಡಿನಿಂದ ಆಚೆಗೆ ಮಾತ್ರ ಯಾರೂ ಹೆಜ್ಜೆ ಇಡುತ್ತಿರಲಿಲ್ಲ. ತಾತನ ಕಾಲದಲ್ಲಿ ಯಾವುದೋ ಕಂಪನಿಯವರು ಮ್ಯಾಂಗನೀಸ್ ಕಲ್ಲಿಗಾಗಿ ಗುಡ್ಡದ ಆ ಮಗ್ಗುಲಿಂದ ಸುರಂಗ ಕೊರೆದು ಗವಿಗೇ ಕೂಡಿಸಿಬಿಟ್ಟಿದ್ದರು. ಕಲ್ಲು ಮುಗಿಯಿತು, ಕಂಪನಿ ಹೋಯಿತು, ಅಗೆದ ಗುಂಡಿ ಉಳಿಯಿತು. ಆ ಮಗ್ಗುಲಿನ ಬಾಯಿ ಕುಸಿದು ಮುಚ್ಚಿಕೊಂಡಿತು. ಗುಂಡಿಯಲ್ಲಿ ನೀರು ನಿಂತಿತು. ಎಷ್ಟು ಆಳವೋ ಅಳೆದವರಿಲ್ಲ.

ಮಹಾಲಿಂಗಯ್ಯನವರಿಗೆ ಒಂದೇ ಕೊರಗಿತ್ತು. ಸೋಮವಾರಗಳಲ್ಲೂ ಜನ ಬರುವುದು ಕಮ್ಮಿಯಾಗಿತ್ತು. ಮಗಳು ಮಾಲಿನಿ ತುಮಕೂರಿನ ಶಿರಾ ಗೇಟ್‌ನಲ್ಲಿ ಮೊಬೈಲ್ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಳು. ಹೋದ ವರ್ಷ ಶ್ರಾವಣಕ್ಕೆ ಊರಿಗೆ ಬಂದವಳು, ಅಪ್ಪ ದೀಪ ಹಚ್ಚುವುದನ್ನೂ, ಬುಟ್ಟಿ ಮುಂದಿಟ್ಟುಕೊಂಡು "ಬಂದ್ಯಾ?" ಅನ್ನುವುದನ್ನೂ ಫೋನಿನಲ್ಲಿ ಹಿಡಿದು ರೀಲ್ಸ್‌ಗೆ ಹಾಕಿದಳು.

"ಅಪ್ಪಾಜಿ, ಸಿದ್ದಪ್ಪನ್ನ ಯಾರೂ ಕೇಳೋರಿಲ್ಲ ಅಂತಿದ್ಯಲ್ಲ, ಈಗ ನೋಡು," ಅಂದಳು.

ಬಂದರು. ಮೊದಮೊದಲು ಹಣ್ಣುಕಾಯಿ ಹಿಡಿದೇ ಬಂದರು. ಮಹಾಲಿಂಗಯ್ಯ ಹಿಗ್ಗಿದ್ದೂ ನಿಜ. ತಮ್ಮ ಮುಖವನ್ನು ಫೋನಿನಲ್ಲಿ ನೋಡಿ, "ನನ್ನ ಮೂಗು ಇಷ್ಟು ದಪ್ಪವಾ?" ಅಂತ ನಕ್ಕಿದ್ದೂ ನಿಜ. ಆಮೇಲೆ ಯಾರೋ ದೀಪ ದಾಟಿ ಹೋಗಿ, ಟಾರ್ಚ್ ಬೆಳಕಿನಲ್ಲಿ ಗುಂಡಿಯ ನೀರನ್ನು ಹಿಡಿದು ಹಾಕಿದರು. ನೀರು ನವಿಲುಗತ್ತಿನ ಹಾಗೆ ನೀಲಿಯಾಗಿ ಹೊಳೆಯಿತು. ಅಲ್ಲಿಂದ ಮುಂದೆ ಒತ್ತೆಗವಿಯ ಹೆಸರೇ ಹೋಯಿತು. ನೀಲಿ ಗವಿ ಅಂತ, ದಾರಿಯ ಮ್ಯಾಪಿನ ಸಮೇತ ಎಲ್ಲರ ಫೋನಿನಲ್ಲೂ ಕೂತಿತು. ಭಾನುವಾರ ಬಂತೆಂದರೆ ಗುಡ್ಡದ ಬುಡದಲ್ಲಿ ಬೈಕುಗಳ ಸಂತೆ.

ಒತ್ತೆಯೂ ಆಟವಾಯಿತು. "ತಾತ, ಬಂದ್ಯಾ ಅನ್ನು, ಕ್ಯಾಮೆರಾ ನೋಡ್ಕಂಡು ಅನ್ನು" ಅಂತ ಗೋಗರೆಯುವರು. ಹರಿದ ಟೋಪಿ, ಬೀಗದ ಕೈಯಿಲ್ಲದ ಕೀಚೈನು, ಕೂದಲ ಕ್ಲಿಪ್ಪು ಬುಟ್ಟಿಗೆ ಹಾಕಿ, ಬರುವಾಗ ಅದನ್ನು ಮರೆತು, ನಗುತ್ತಾ ಇಳಿದುಹೋಗುವರು. ಮೊದಲ ಸಲ ಸಂಜೆ ಬುಟ್ಟಿಯಲ್ಲಿ ಕ್ಲಿಪ್ಪು ಉಳಿದಾಗ ಮಹಾಲಿಂಗಯ್ಯ ಕಂದೀಲು ಹಿಡಿದು ಒಳಗೆ ಹೋಗಿ, "ಯಾರವ್ವ ಇದೀಯ?" ಅಂತ ಗಂಟಲು ಬೀಳುವ ತನಕ ಕೂಗಿದ್ದರು. ಎರಡನೆಯ ಸಲವೂ ಹೋದರು. ಆಮೇಲಾಮೇಲೆ ಉಳಿದದ್ದನ್ನೆಲ್ಲ ಒಂದು ಚೀಲಕ್ಕೆ ಸುರಿದುಕೊಂಡು ಮನೆಗೆ ಬರುವುದು ರೂಢಿಯಾಯಿತು.

ದಸರಾ ಕಳೆದ ಮೇಲಿನ ಭಾನುವಾರ, ಬುಟ್ಟಿಯ ತಳದಲ್ಲಿ ಕ್ಲಿಪ್ಪುಗಳ ಜೊತೆ ಈ ಉಂಗುರವೂ ಉಳಿದಿತ್ತು. ಇದನ್ನೂ ಮರೆತು ಹೋಗಿದ್ದಾರೆ ಅಂದುಕೊಂಡು ಮಹಾಲಿಂಗಯ್ಯ ಮನೆಗೆ ಬಂದು, ಕೈಕಾಲು ತೊಳೆದು, ಪೂಜೆ ಮಾಡಿ ಉಂಡರು.

ಮರುದಿನ ಬೆಳಿಗ್ಗೆ ಕುಣಿಗಲ್‌ನಿಂದ ಗಂಡಹೆಂಡತಿ ಬಂದರು. ಮಗ ಮಲ್ಲಿಕಾರ್ಜುನ್ ಒಬ್ಬನೇ ಬೈಕಿನಲ್ಲಿ ಗವಿ ನೋಡಲು ಹೋದವನು ಮನೆಗೆ ಬಂದಿಲ್ಲ ಅಂದರು. ಬೈಕು ಲಂಟಾನ ಪೊದೆಯ ಮಗ್ಗುಲಲ್ಲಿ ನಿಂತೇ ಇತ್ತು. ಮಧ್ಯಾಹ್ನದ ಹೊತ್ತಿಗೆ ಅಗ್ನಿಶಾಮಕದವರು ಅವನನ್ನು ಆ ನೀಲಿ ನೀರಿನಿಂದ ಮೇಲಕ್ಕೆ ತಂದರು. ಬಿದ್ದ ಗಳಿಗೆಯಲ್ಲೇ ಹೋಗಿದ್ದಾನೆ, ತಲೆಗೆ ಏಟು, ಅಂದರು ಡಾಕ್ಟರು.

ಮಹಾಲಿಂಗಯ್ಯ ಮನೆಗೆ ಓಡಿ ಉಂಗುರ ತಂದಿದ್ದರು, ಮುಷ್ಟಿಯಲ್ಲೇ ಇತ್ತು. ಅಷ್ಟರಲ್ಲಿ ಆ ತಾಯಿ ಮಗನ ಕೈ ಸವರುತ್ತಾ ಅಂದಳು: "ಉಂಗುರ ಎಲ್ಲೋಯ್ತು? ಕುದುರೆ ಲಾಳದ ಉಂಗುರ. ಶನಿ ಕಾಟ ಇರಬಾರ್ದು ಅಂತ ಅವರಪ್ಪನೇ ಮಾಡ್ಸಿದ್ದು. ಅದು ಬೆರಳಲ್ಲಿದ್ದಿದ್ರೆ ಇವನಿಗೆ ಹಿಂಗಾಗ್ತಿರ್ಲಿಲ್ಲ."

ಮುಷ್ಟಿ ಬಿಚ್ಚಲಿಲ್ಲ. ಕಾಪಾಡಲೆಂದು ತೊಡಿಸಿದ್ದನ್ನು, ಕಾಪಾಡಲೆಂದೇ ಬಿಚ್ಚಿಸಿದ್ದೆನಲ್ಲ ಶಿವನೇ, ಅಂದುಕೊಂಡರು.

ಹೆಣ ಎತ್ತುವುದನ್ನೂ ಯಾರೋ ಫೋನಿನಲ್ಲಿ ಹಿಡಿದು ಹಾಕಿದರು. ಅದನ್ನು ನೋಡಿ ಜನ ಕಮ್ಮಿಯಾಗಲಿಲ್ಲ, ಹೆಚ್ಚಾದರು. ಅದಕ್ಕೇ ಈಗ ಗೋಡೆ.

ಗುಬ್ಬಿ ದಾಟುವ ಹೊತ್ತಿಗೆ ಮಂಜು ಹರಿದಿತ್ತು. ಮಹಾಲಿಂಗಯ್ಯ ಈ ಸಲ ಬಸ್ಸಿನಿಂದ ಇಳಿಯದೆ ತುಮಕೂರಿಗೇ ಬಂದು, ಆಟೋ ಹಿಡಿದು ಶಿರಾ ಗೇಟಿಗೆ ಹೋದರು. ಆ ಘಟನೆಯಾದ ಮೇಲೆ ಮಾಲಿನಿ ಊರಿಗೆ ಬಂದಿರಲಿಲ್ಲ, ಫೋನು ಮಾಡಿದರೂ ತಾಯಿಯ ಹತ್ತಿರ ಮಾತ್ರ ಮಾತಾಡುತ್ತಿದ್ದಳು.

ಅಂಗಡಿಯ ಬಸವರಾಜ್ ಅವರನ್ನು ನೋಡಿದ ಕೂಡಲೇ ಎದ್ದು ನಿಂತ. "ಓ, ಗವಿ ತಾತ. ಏನ್ ಅಯ್ನೋರೆ, ನಮ್ಮ ಅಂಗಡಿಗೆ ಬರೋ ಅರ್ಧ ಗಿರಾಕಿಗೆ ನಿಮ್ಮ ಮುಖ ಗೊತ್ತು. ಒಂದು ಫೋಟೋ ತೆಗೆಸ್ಕೊಳ್ಳಿ, ಗೋಡೆಗೆ ಹಾಕ್ತೀನಿ."

"ಗೋಡೆ ನಾಳೆ ಅಲ್ಲೇ ಕಟ್ತಾವ್ರೆ ಬುಡಪ್ಪ," ಅಂದರು ಮಹಾಲಿಂಗಯ್ಯ. ಬಸವರಾಜ್ ಪೆಚ್ಚಾಗಿ ಕೂತ.

ಮಾಲಿನಿ ಕೌಂಟರ್ ಹಿಂದಿನಿಂದ ಬಂದಳು, ಕಣ್ಣೆತ್ತಲಿಲ್ಲ. "ನಾನು ಅವತ್ತೇ ಡಿಲೀಟ್ ಮಾಡ್ದೆ ಅಪ್ಪಾಜಿ. ನಂದು ಹೋಯ್ತು. ಬೇರೆಯೋರು ತಗೊಂಡು ಹಾಕಿರೋದು ಇನ್ನೂ ಓಡ್ತಾನೇ ಇದೆ. ಕೆಳಗೆ ಏನೇನೋ ಬರೀತಾರೆ. ಬೇಕು ಅಂತಲೇ ಬಿದ್ದ, ಲವ್ ಫೇಲ್ಯೂರು, ಅಂತೆಲ್ಲ. ಅವರಮ್ಮ ಓದ್ತಾರೇನೋ."

"ನಾನು ಬೈಯಕ್ಕೆ ಬರ್ಲಿಲ್ಲ ಕಣವ್ವ. ಕುಣಿಗಲ್‌ಗೆ ಹೊಂಟಿದೀನಿ. ಒಬ್ನೇ ಹೋಗಕ್ಕೆ ಕಾಲು ಬರ್ತಿಲ್ಲ."

ಮಾಲಿನಿ ಬಸವರಾಜ್ ಕಡೆ ನೋಡಿದಳು. "ಹೋಗಮ್ಮ," ಅಂದ ಅವನು, ಮೆಲ್ಲಗೆ.

ಕುಣಿಗಲ್ ಕೆರೆಯ ಏರಿಯ ಕೆಳಗೆ, ಸಣ್ಣ ಗಲ್ಲಿಯಲ್ಲಿ ಮಲ್ಲಿಕಾರ್ಜುನನ ಮನೆ. ಅವನಪ್ಪ ಹನುಮಂತರಾಜು ಕುದುರೆ ಫಾರಂನಲ್ಲಿ ಕುದುರೆ ನೋಡಿಕೊಳ್ಳುವ ಕೆಲಸದವರು. ಜಗುಲಿಯ ಮೇಲೆ ಗೋಡೆಗೊರಗಿ ಕೂತಿದ್ದರು. ಬಂದವರನ್ನು ನೋಡಿಯೂ ಏಳಲಿಲ್ಲ. ಒಳಗಿನಿಂದ ಅವನ ತಾಯಿ ನೇತ್ರಾವತಿ ಬಂದು, ಗುರುತು ಹಿಡಿದು, ಒಳಗೆ ಕರೆದು ಚಾಪೆ ಹಾಸಿ ಚೊಂಬಿನಲ್ಲಿ ನೀರು ತಂದಿಟ್ಟಳು.

"ಮಗಳಾ ಅಯ್ನೋರೆ? ಒಳಕ್ಕೆ ಬಾರವ್ವ, ಯಾಕೆ ಬಿಸಿಲಲ್ಲಿ ನಿಂತ್ಕಂಡೆ."

"ಮೊದಲನೇ ವಿಡಿಯೋ ಹಾಕಿದ್ದು ನಾನೇ ಅಮ್ಮ," ಅಂದಳು ಮಾಲಿನಿ, ಹೊಸಿಲಾಚೆಯಿಂದಲೇ.

ನೇತ್ರಾವತಿ ಅವಳ ಕಡೆ ತಿರುಗಿದಳು. "ದೀಪ ಹಚ್ಚೋದಲ್ವಾ? ನೋಡಿದೀನಿ. ಮಲ್ಲೀನೇ ತೋರ್ಸಿದ್ದ. ಅವ್ವ, ಒಂದ್ಸಲ ಹೋಗಿ ಕೈಮುಗ್ದು ಬರೋಣ ಅಂದ. ರಾಗಿ ಕುಯ್ಲು ಮುಗೀಲಿ ತಾಳೋ ಅಂದೆ." ಸೆರಗಿನಿಂದ ಮುಖ ಒರೆಸಿಕೊಂಡಳು. "ಬಾ ಒಳಕ್ಕೆ."

ಮಹಾಲಿಂಗಯ್ಯ ನೀರು ಮುಟ್ಟಲಿಲ್ಲ. ವಿಭೂತಿ ಚೀಲ ಬಿಚ್ಚಿ, ಬಟ್ಟೆ ಬಿಡಿಸಿ, ಉಂಗುರವನ್ನು ಅಂಗೈ ಮೇಲಿಟ್ಟುಕೊಂಡರು. ಜಗುಲಿಯಿಂದ ಹನುಮಂತರಾಜು ಎದ್ದು ಬಂದರು.

"ನೀರಲ್ಲಿ ಸಿಕ್ತಾ?"

"ಇಲ್ಲಪ್ಪ. ನನ್ನ ಬುಟ್ಟೀಲಿತ್ತು." ಅವರ ದನಿ ಸಣ್ಣಗಾಯಿತು. "ಎಲ್ರೂ ಕ್ಲಿಪ್ಪು, ಕೀಚೈನು ಹಾಕಿ ಹೋಗ್ತಿದ್ರು. ನಿಮ್ಮ ಹುಡುಗ ಒಬ್ನೇ ನಿಂತು, 'ತಾತ, ನಿಜವಾದ್ದೇ ಹಾಕ್ಬೇಕಾ?' ಅಂದ. 'ಮೈಮೇಲಿಂದು ಕಣಪ್ಪ' ಅಂದೆ. ಬಿಗಿಯಾಗಿತ್ತು, ಉಗುಳು ಹಚ್ಕೊಂಡು ಎಳೆದು ತೆಗೆದ. ಸಂಜೆ ಇದು ಉಳಿದಿತ್ತು. ನಮ್ಮಪ್ಪ ಆಗಿದ್ರೆ ಗವಿಬಾಯಿ ಬಿಟ್ಟು ಏಳ್ತಿರ್ಲಿಲ್ಲ. ನಾನು ಮರ್ತು ಹೋಗವ್ರೆ ಅನ್ಕೊಂಡು ಮನೇಗೆ ಹೋಗಿ ಉಂಡು ಮಲಗ್ದೆ. ಅವತ್ತು ನೀವು ಉಂಗುರ ಕೇಳ್ದಾಗ ನನ್ನ ಮುಷ್ಟೀಲೇ ಇತ್ತು. ಕೊಡಕ್ಕಾಗ್ಲಿಲ್ಲ."

ಏರಿಯ ಮೇಲೆ ಒಂದು ಲಾರಿ ಹಾದುಹೋದ ಸದ್ದು ಮನೆಯೊಳಗೆಲ್ಲ ತುಂಬಿ, ಇಳಿಯಿತು.

ಹನುಮಂತರಾಜು ಉಂಗುರದ ಕಡೆಗೇ ನೋಡುತ್ತಾ ಕೇಳಿದರು. "ಈ ಒತ್ತೆ ಅಂದ್ರೆ... ತಿರುಗಿ ಬರ್ತೀನಿ ಅನ್ನೋರು ಇಡೋದಾ?"

"ಹೂಂ. ಬಂದು ಬಿಡಿಸ್ಕೊಳ್ತೀನಿ ಅಂತ."

"ಅಂದ್ರೆ ಅವನು ಬರ್ಬೇಕು ಅಂತಲೇ ಹೋದ."

"ಬರ್ಬೇಕು ಅಂತಲೇ ಹೋದ ಕಣಪ್ಪ. ಬೇರೆ ಯಾರು ಹೋದ್ರೋ ಬಿಟ್ರೋ. ಅವನು ಮಾತ್ರ ನಿಜವಾದ ಒತ್ತೆ ಇಟ್ಟು ಹೋದ."

ಹನುಮಂತರಾಜು ಗೋಡೆಯ ಕಡೆ ತಿರುಗಿ ನಿಂತರು. ಭುಜ ಅಲುಗುವುದು ಮಾತ್ರ ಕಾಣುತ್ತಿತ್ತು. "ಬೀದೀಲಿ ಒಬ್ಬೊಬ್ರು ಒಂದೊಂದು ಅಂತಾರೆ," ಅಂದರು, ಗೋಡೆಗೇ ಹೇಳುವ ಹಾಗೆ. "ಫೋನಲ್ಲಿ ಬರೆದವ್ರಂತೆ. ಇವಳಿಗೆ ಓದಕ್ಕೆ ಬರಲ್ಲ, ನಾನೂ ಹೇಳ್ಲಿಲ್ಲ. ಬೇಕು ಅಂತಲೇ ಬಿದ್ದ ಅಂತ ನಾನೂ ಅನ್ಕೊಂಡ್ಬಿಟ್ಟಿದ್ದೆ. ಹಿಂದಿನ ದಿನ ಬೈಕ್ ಪೆಟ್ರೋಲಿಗೆ ಬೈದಿದ್ದೆ."

"ನಂಗೆ ಗೊತ್ತಿತ್ತು ಬಿಡಿ, ಅನ್ನೋರು ಏನಂತಿದ್ರು ಅಂತ," ಅಂದಳು ನೇತ್ರಾವತಿ. ಗಂಡನ ಹತ್ತಿರ ಹೋಗಲಿಲ್ಲ. ಅವರ ಅಳುವನ್ನು ಅವರಿಗೇ ಬಿಟ್ಟಳು. ಮಹಾಲಿಂಗಯ್ಯನವರ ಎದುರಿಗೆ ಬಂದು ಮಂಡಿಯೂರಿ ಕೂತಳು.

ಒತ್ತೆ ಇಟ್ಟವರ ಕೈಗೇ ಕೊಡಬೇಕು. ಅದು ಕಟ್ಟಳೆ. ಇಟ್ಟವನಿಲ್ಲದಾಗ ಏನೆಂದು ಅಪ್ಪ ಹೇಳಿಕೊಟ್ಟಿರಲಿಲ್ಲ. ಅಂಥ ಗಳಿಗೆ ಅವರಿಗೆ ಬಂದಿರಲೇ ಇಲ್ಲ. ಮಹಾಲಿಂಗಯ್ಯ ಉಂಗುರವನ್ನು ಅಂಗೈಯಲ್ಲೇ ಹಿಡಿದು ಕೂತರು.

"ಕೊಡೋವಾಗ ಏನೋ ಕೇಳ್ತೀರಲ್ಲ ಅಯ್ನೋರೆ. ವಿಡಿಯೋದಲ್ಲಿ ಕೇಳಿದ್ದೆ. ಕೇಳಿ."

"ಹೆಂಗವ್ವ ಕೇಳ್ಲಿ."

"ಕೇಳಿ. ನಾಳೆ ಬಾಯಿ ಮುಚ್ತಾರಂತೆ."

ಮಾಲಿನಿ ಒಳಗೆ ಬಂದು ಅಪ್ಪನ ಬೆನ್ನ ಹಿಂದೆ ಕೂತು, ಅವರ ಭುಜದ ಮೇಲೆ ಕೈಯಿಟ್ಟಳು.

"ಬಂದ್ಯಾ?" ಅಂದರು ಮಹಾಲಿಂಗಯ್ಯ. ಗವಿಬಾಯಿಯಲ್ಲಿ ಕೂತಾಗಿನ ದನಿ ಅದಲ್ಲ, ಪಕ್ಕದವರಿಗೂ ಕೇಳಿಸದಂಥದು.

ನೇತ್ರಾವತಿ ಎರಡೂ ಕೈಯಲ್ಲಿ ಸೆರಗು ಹಿಡಿದು ಒಡ್ಡಿದಳು. "ಬಂದವ್ನೆ," ಅಂದಳು. "ಮನೇಗೆ ಬಂದವ್ನೆ. ಕೊಡಿ."

ಮಹಾಲಿಂಗಯ್ಯ ಉಂಗುರಕ್ಕೆ ಅಂಟಿದ್ದ ವಿಭೂತಿಯನ್ನು ಒರೆಸದೆ, ಹಾಗೆಯೇ ಆ ಸೆರಗಿನಲ್ಲಿಟ್ಟರು.