ಲೀಟರಿಗೆ ಎರಡು ಹನಿ

"ಅನಾನಸು," ಎಂದ ಕೊಸ್ಮಸ್.

ಅಡುಗೆಮನೆಯ ಟವಲನ್ನು ಕಣ್ಣಿಗೆ ಕಟ್ಟಿಕೊಂಡು ಅವನು ಊಟದ ಮೇಜಿನ ಮುಂದೆ ಕುಳಿತಿದ್ದ. ಹೆಂಡತಿ ಬ್ರಿಜಿಟ್ ಅವನ ಮೂಗಿನಡಿ ಹಿಡಿದಿದ್ದ ಸ್ಟೀಲ್ ಲೋಟದ ಹಾಲಿಗೆ ಬಿದ್ದದ್ದು ಬಾಳೆಹಣ್ಣಿನ ಹನಿ. ಅದೂ ಸಾಮಾನ್ಯ ಬಾಳೆಹಣ್ಣಲ್ಲ. ಬಹರೈನಿನ ಗುಫೂಲ್ ಬಡಾವಣೆಯ ಆ ಮೂರನೆಯ ಮಹಡಿಯ ಫ್ಲ್ಯಾಟಿನ ಬಾಗಿಲಾಚೆ ನಿಂತವರಿಗೂ ಗೊತ್ತಾಗುವಷ್ಟು ಘಾಟು.

"ಸರಿ," ಎಂದಳು ಬ್ರಿಜಿಟ್.

ಟವಲಿನ ಕೆಳಗೆ ಕೊಸ್ಮಸ್‌ನ ಬಾಯಿ ಅಗಲವಾಯಿತು. "ನೋಡಿದ್ಯಾ? ಇವತ್ತು ಮೂರರಲ್ಲಿ ಎರಡು. ಬರ್ತಾ ಉಂಟು ಮಾರಾಯ್ತಿ, ಬರ್ತಾ ಉಂಟು."

ಅವತ್ತು ಮಂಗಳವಾರ. ಗುರುವಾರಕ್ಕೆ ಇನ್ನೆರಡೇ ದಿನ.

ಕೊಸ್ಮಸ್ ಮನಾಮಾದ ಒಂದು ಹೋಟೆಲಿನಲ್ಲಿ ಇಪ್ಪತ್ತೆರಡು ವರ್ಷದಿಂದ ಕೇಕು, ಪುಡಿಂಗು ಮಾಡುವವನು. ಜನವರಿಯಲ್ಲಿ ಜ್ವರ ಬಂದು ಮೂರು ದಿನ ಮಲಗಿದ. ಜ್ವರ ಹೋಗುವಾಗ ಮೂಗನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಸಿಹಿ, ಹುಳಿ, ಉಪ್ಪು ನಾಲಗೆಗೆ ತಿಳಿಯುತ್ತಿತ್ತು; ವಾಸನೆ ಮಾತ್ರ ಒಂದೂ ಇಲ್ಲ. ಹೋಟೆಲಿನಲ್ಲಿ ಇದನ್ನು ಯಾರಿಗೂ ಹೇಳದೆ, ಎಲ್ಲವನ್ನೂ ತಕ್ಕಡಿಯಲ್ಲಿ ತೂಗಿ, ಗಡಿಯಾರ ನೋಡಿ ಒಲೆಯಿಂದ ಇಳಿಸಿ ಒಂಬತ್ತು ತಿಂಗಳು ದೂಡಿದ್ದ. ಈಗ ಲೆಬನಾನಿನ ಹೊಸ ಶೆಫ್ ಬಂದಿದ್ದ. ಗುರುವಾರ ಬೆಳಿಗ್ಗೆ ಕೇಕಿನ ವಿಭಾಗದವರನ್ನು ಒಬ್ಬೊಬ್ಬರಾಗಿ ಕೂರಿಸಿ, ಬಟ್ಟಲು ಮೂಸಿಸಿ ಅದರಲ್ಲಿ ಏನಿದೆ ಎಂದು ಕೇಳುತ್ತಾನಂತೆ. ಮೂಗಿಲ್ಲದ ಕೇಕಿನವನನ್ನು ಯಾವ ಹೋಟೆಲು ಇಟ್ಟುಕೊಳ್ಳುತ್ತದೆ? ಕೆಲಸ ಹೋದರೆ ಅದರ ವೀಸಾವೂ ಹೋದಂತೆ. ಐವತ್ತೆರಡರ ವಯಸ್ಸಿನಲ್ಲಿ ಹೊಸ ಕೆಲಸ ಹುಡುಕುವ ಧೈರ್ಯ ಅವನಿಗಿರಲಿಲ್ಲ.

ಮೂಗಿಗೆ ಅಭ್ಯಾಸ ಮಾಡಿಸುವ ಉಪಾಯ ಬ್ರಿಜಿಟ್‌ಳದೇ. ಅವಳು ನರ್ಸು, ಆಸ್ಪತ್ರೆಯ ಡಾಕ್ಟರನ್ನು ಕೇಳಿಕೊಂಡು ಬಂದಿದ್ದಳು. ದಿನವೂ ಲವಂಗ, ಲಿಂಬೆ ಮೂಸಬೇಕು, ತಾಳ್ಮೆ ಬೇಕು ಎಂದಿದ್ದರು ಅವರು. ಕೊಸ್ಮಸ್‌ಗೆ ಲವಂಗ ಸಪ್ಪೆಯೆನಿಸಿತು. ಅವರ ಕಟ್ಟಡದ ಕೆಳಗೇ ಒಂದು ವೇಪ್ ಅಂಗಡಿ. ಸಿಗರೇಟು ಬಿಟ್ಟು ಬ್ಯಾಟರಿಯ ಕೊಳವೆಯಲ್ಲಿ ಹೊಗೆ ಎಳೆಯುವವರು ಆ ಹೊಗೆಗೆ ಬೆರೆಸಿಕೊಳ್ಳುವ ಗಟ್ಟಿ ಪರಿಮಳಗಳು ಅಲ್ಲಿ ಸಾಲಾಗಿ ಇದ್ದವು. ಅಂಗಡಿಯಲ್ಲಿ ಕುಳಿತುಕೊಳ್ಳುವ ಉಳ್ಳಾಲದ ಫೈಝಲ್ ಎಂಟು ಪುಟ್ಟ ಬಾಟಲಿ ಎತ್ತಿಕೊಟ್ಟ. ಊರಿನ ಕಡೆ ಕ್ರೈಸ್ತರನ್ನು ಕರೆಯುವಂತೆ ಅವನಿಗೆ ಕೊಸ್ಮಸ್ 'ಪೊರ್ಬು'.

"ಇದ್ರಲ್ಲಿ ನಿಕೋಟಿನ್ ಇಲ್ಲ ಪೊರ್ಬುಗಳೇ, ಬರೀ ಪರಿಮಳ. ಕೆಲವರು ಕೇಕಿಗೆ, ಸೋಡಾಕ್ಕೆ ಎಲ್ಲ ಹಾಕ್ತಾರೆ. ಆದ್ರೆ ಲೀಟರಿಗೆ ಎರಡೇ ಹನಿ, ಆಯ್ತಾ? ಹೆಚ್ಚು ಹಾಕಿದ್ರೆ ನೀವು ಮನೆ ಬಿಟ್ಟು ಹೋಗ್ಬೇಕಾದೀತು."

ಬ್ರಿಜಿಟ್ ಒಂದೊಂದರ ಲೇಬಲನ್ನೂ ಕನ್ನಡಕ ಹಾಕಿಕೊಂಡು ಓದಿ, ಅಡುಗೆಗೆ ಆಗಬಹುದೆಂದು ಬರೆಯದ ಎರಡನ್ನು ವಾಪಸು ಕಳಿಸಿದಳು. ಉಳಿದ ಆರು ಮೇಜಿನ ಮೇಲೆ ನಿಂತವು; ದಿನವೂ ಕಣ್ಣು ಕಟ್ಟಿಕೊಂಡು ಮೂಸುವ ಪರೀಕ್ಷೆಗೆ ಅವೇ. ಎರಡು ಹನಿ ಕೊಸ್ಮಸ್‌ನ ಕೈಯಲ್ಲಿ ಹತ್ತಾಯಿತು. ಶರಬತ್ತಿಗೆ, ಕಸ್ಟರ್ಡಿಗೆ, ಕೊನೆಗೆ ಚಹಾಕ್ಕೂ ಬಿತ್ತು. ಒಂದು ಭಾನುವಾರ ಬಂಗುಡೆ ಮೀನಿನ ಗಸಿಗೂ ಸ್ಟ್ರಾಬೆರಿಯ ವಾಸನೆ ಅಂಟಿಕೊಂಡಿತು. ಕೊಸ್ಮಸ್ ಅದನ್ನು ಚಪ್ಪರಿಸಿ ತಿಂದ, ಬ್ರಿಜಿಟ್ ಮೊಸರನ್ನ ಕಲಸಿಕೊಂಡಳು.

ಅವಳು ಮೊದಲ ಸಲ ಸುಳ್ಳು ಹೇಳಿದ್ದು ಆಗಸ್ಟಿನಲ್ಲಿ. ಅವತ್ತು ಹೋಟೆಲಿನಲ್ಲಿ ಒಂದು ತಟ್ಟೆ ಬಾದಾಮಿ ಅವನ ಎದುರಿಗೇ ಸುಟ್ಟು ಕರಿಯಾಗಿತ್ತು; ಯಾರೋ ಕೂಗಿ ಹೇಳುವವರೆಗೆ ಅವನಿಗೆ ತಿಳಿದಿರಲಿಲ್ಲ. ಮನೆಗೆ ಬಂದವನು ಕಾಫಿ ಪರಿಮಳದ ಹನಿ ಬಿದ್ದ ಹಾಲಿನ ಲೋಟ ಮೂಸಿ, ಸತ್ತ ದನಿಯಲ್ಲಿ "ಮಾವು?" ಎಂದ. ಅವಳ ಬಾಯಿಂದ "ಸರಿ" ಬಂದುಬಿಟ್ಟಿತು. ಅವತ್ತು ಅವನು ಎರಡು ಸಲ ಅನ್ನ ಹಾಕಿಸಿಕೊಂಡ. ಪಾತ್ರೆ ತೊಳೆಯುವಾಗ ಇಗರ್ಜಿಯ ಯಾವುದೋ ಹಾಡನ್ನು ಗುನುಗಿದ. ಆಮೇಲೆ ಅವಳಿಗೆ ನಿಲ್ಲಿಸುವುದು ಆಗಲಿಲ್ಲ. ಆಸ್ಪತ್ರೆಯಲ್ಲಿ ರೋಗಿಗಳ ಮನೆಯವರಿಗೆ ಕೆಟ್ಟ ಸುದ್ದಿಯನ್ನು ನೇರವಾಗಿ ಹೇಳಬಲ್ಲವಳು ಅವಳು. ತನ್ನ ಊಟದ ಮೇಜಿನಲ್ಲಿ ಅದೇ ಕೆಲಸ ಆಗದ್ದಕ್ಕೆ ಅವಳಿಗೆ ನಾಚಿಕೆಯಿತ್ತು.

ಬುಧವಾರ ಡ್ಯೂಟಿ ಮುಗಿಸಿ ಬಂದವಳಿಗೆ ಲಿಫ್ಟಿನಲ್ಲೇ ಸುಟ್ಟ ವಾಸನೆ ಹೊಡೆಯಿತು. ಮೂರನೆಯ ಮಹಡಿಯಲ್ಲಿ ಬಾಗಿಲು ತೆರೆದರೆ ಅದಕ್ಕೆ ಗುಲಾಬಿ ಬೆರೆತಿತ್ತು. ಕೊಸ್ಮಸ್ ಇಸ್ತ್ರಿ ಮಾಡಿದ ಬಿಳಿ ಕೋಟನ್ನು ಕುರ್ಚಿಗೆ ತೂಗುಹಾಕಿ, ಒಲೆಯ ಮುಂದೆ ನಿಂತಿದ್ದ.

"ವೊರ್ನ್ ಮಾಡಿದ್ದೇನೆ," ಎಂದ. ಕಡ್ಲೆಬೇಳೆ, ಬೆಲ್ಲ, ತೆಂಗಿನಹಾಲಿನ ಹಬ್ಬದ ಪಾಯಸ. "ನಾಳೆ ಶೆಫ್‌ಗೆ ಕೊಂಡುಹೋಗ್ಲಿಕ್ಕೆ. ಗುಲಾಬಿ ಹಾಕಿದ್ದೇನೆ, ಅವರ ಊರಲ್ಲಿ ಅದು ಜಾಸ್ತಿ ಅಲ್ವಾ? ಮತ್ತೆ ಅವನಿಗೆ ಹೇಳಿದ್ದೇನೆ, ನಂಗೆ ಕಣ್ಣು ಕಟ್ಟಿಯೇ ಕೊಡಿ ಅಂತ. ಎಲ್ಲರ ಎದುರು."

ಒಂದು ಚಮಚ ತುಂಬಿಸಿ ಅವಳ ಬಾಯಿಗೆ ಹಿಡಿದ. "ಹೇಗುಂಟು?"

ಅಭ್ಯಾಸದ ಮಾತು ನಾಲಗೆಯ ತುದಿಯವರೆಗೆ ಬಂತು. ಅವಳು ಅದನ್ನು ಪಾಯಸದ ಜೊತೆ ನುಂಗಿದಳು.

"ಅಡಿ ಹಿಡಿದಿದೆ ಕೊಸ್ಮಸ್. ಲಿಫ್ಟಿನಲ್ಲೇ ವಾಸನೆ ಬರ್ತಾ ಉಂಟು."

ಅವನು ನಕ್ಕ. ಆಮೇಲೆ ಸೌಟನ್ನು ಪಾತ್ರೆಯ ತಳಕ್ಕೆ ಒತ್ತಿ ಎಳೆದ. ಕಪ್ಪು ಹಕ್ಕಳೆ ಎದ್ದು ಬಂತು. ಅದನ್ನು ಮೂಗಿಗೆ ತಾಗಿಸಿ ಮೂಸಿದ. ಮತ್ತೊಮ್ಮೆ ಮೂಸಿದ.

"ನಿನ್ನೆಯ ಅನಾನಸು?"

"ಬಾಳೆಹಣ್ಣು."

"ಮೊನ್ನೆಯ ಮಾವು?"

"ಗುಲಾಬಿ."

"ಒಂದೂ ಸರಿ ಇಲ್ವಾ?"

"ಒಂದು ದಿನ ಕಾಫಿ ಸರಿ ಹೇಳಿದ್ದಿ. ಒಮ್ಮೆ."

ಅವನು ಸೌಟು ಕೆಳಗಿಟ್ಟು ಕುಳಿತ. "ನಾಳೆ ಅಷ್ಟು ಜನರ ಎದುರು ಕಣ್ಣು ಕಟ್ಟಿಕೊಂಡು ಕೂರ್ತಿದ್ದೆ ನಾನು. ಗೊತ್ತುಂಟಾ ನಿಂಗೆ?"

"ಗೊತ್ತುಂಟು." ಅವಳು ಅಳುತ್ತಿದ್ದಳು. "ಆ ದಿನ ನೀನು ಎರಡು ಸಲ ಅನ್ನ ಹಾಕಿಸ್ಕೊಂಡಿ. ಅದಕ್ಕೇ ಹೇಳಿದ್ದು. ಬೇರೆ ಎಂತ ಇಲ್ಲ."

ಬೈದರೆ ಬೈಯಲಿ ಎಂದು ಅವಳು ನಿಂತೇ ಇದ್ದಳು. ಅವನು ಬೈಯಲಿಲ್ಲ. ಬಿಳಿ ಕೋಟನ್ನು ನೋಡಿದ. ಆಮೇಲೆ ಫೋನು ತೆಗೆದು, ಹೋಟೆಲಿನ ತನ್ನ ಮುರುಕು ಇಂಗ್ಲಿಷಿನಲ್ಲಿ ಶೆಫ್‌ಗೆ ದನಿಯ ಸಂದೇಶ ಹೇಳತೊಡಗಿದ. ಜನವರಿಯಿಂದ ನನಗೆ ವಾಸನೆ ಗೊತ್ತಾಗುವುದಿಲ್ಲ. ಎಲ್ಲವನ್ನೂ ತೂಕದ ಮೇಲೆ ಮಾಡುತ್ತಿದ್ದೇನೆ. ಆಗಸ್ಟಿನ ಬಾದಾಮಿ ಸುಟ್ಟದ್ದು ನಾನೇ. ಒಂದು ಕೇಕೂ ವಾಪಸು ಬಂದಿಲ್ಲ. ನಾಳೆ ಬರುತ್ತೇನೆ, ಆದರೆ ಬಟ್ಟಲು ಇಡುವುದು ಬೇಡ. ಗುಂಡಿ ಒತ್ತಿ ಹಿಡಿದಿದ್ದ ಹೆಬ್ಬೆರಳನ್ನು ಎತ್ತಲು ಅವನಿಗೆ ಕಷ್ಟವಾಯಿತು. ಎತ್ತಿದ. ಸಂದೇಶ ಹೋಯಿತು.

ಫೋನನ್ನು ಮೇಜಿನ ಮೇಲೆ ಮಗುಚಿಟ್ಟ. ವೊರ್ನನ್ನು ಕಸದ ಚೀಲಕ್ಕೆ ಸುರಿದು, ಪಾತ್ರೆಗೆ ನೀರು ತುಂಬಿಸಿ ನೆನೆಹಾಕಿದ. ಹಿಂದಿರುಗಿ ಬಂದವನು ಟವಲು ಎತ್ತಿಕೊಂಡು ತಾನೇ ಕಣ್ಣಿಗೆ ಕಟ್ಟಿಕೊಂಡ.

"ಹೊತ್ತಾಯ್ತಲ್ಲ. ಇಡು."

ಬ್ರಿಜಿಟ್ ಮುಖ ಒರೆಸಿಕೊಂಡು ಮೂರು ಲೋಟಕ್ಕೆ ಹಾಲು ಹಾಕಿದಳು. ಒಂದೊಂದಕ್ಕೂ ಬೇರೆ ಬೇರೆ ಬಾಟಲಿಯಿಂದ ಒಂದೇ ಹನಿ. ಮೊದಲನೆಯದನ್ನು ಅವನ ಮೂಗಿನಡಿ ಹಿಡಿದಳು. ಅವನು ಉಸಿರೆಳೆದ. ಮೇಜಿನ ಮೇಲೆ ಫೋನು ಒಮ್ಮೆ ನಡುಗಿ ಸುಮ್ಮನಾಯಿತು. ಇಬ್ಬರೂ ಅದನ್ನು ಮುಟ್ಟಲಿಲ್ಲ. ಅವನು ಇನ್ನೊಮ್ಮೆ, ನಿಧಾನವಾಗಿ ಉಸಿರೆಳೆದ.

"ಗೊತ್ತಾಗುವುದಿಲ್ಲ," ಎಂದ.

"ಸರಿ," ಎಂದಳು ಬ್ರಿಜಿಟ್, ಮತ್ತು ಎರಡನೆಯ ಲೋಟವನ್ನು ಎತ್ತಿದಳು.