ಪಾಠದ ಗಾರೆ

ಒಂದು ಮೂಟೆ ಸಿಮೆಂಟಿನ ದುಡ್ಡಿಗೆ ನಲವತ್ತು ಒಳ್ಳೆಯ ಇಟ್ಟಿಗೆ ಬರುತ್ತವೆ. ಗಾರೆ ಮೇಸ್ತ್ರಿಯ ಒಂದು ದಿನದ ಕೂಲಿ ಎರಡು ಮೂಟೆ ಸಿಮೆಂಟಿಗೆ ಸಮ. ಮರಳಿಗೆ ಗಾಡಿಯವನ ಬಾಯಿಗೆ ಬಂದದ್ದೇ ರೇಟು. ಸುಣ್ಣ ಎಲ್ಲಕ್ಕಿಂತ ಅಗ್ಗ. ಇವನ್ನೆಲ್ಲ ಮಾರಿ ಬದುಕುವವನು ನಾನು, ಅದಕ್ಕೇ ಗೊತ್ತು. ಗೋಡೆ ಕಟ್ಟುವುದನ್ನು ಕಲಿಯಲು ಎಷ್ಟಾಗುತ್ತದೆ ಎಂದು ಕೇಳಿದರೆ, ನಮ್ಮ ಬೀದಿಯಲ್ಲಿ ಏನೂ ಆಗುತ್ತಿರಲಿಲ್ಲ. ಭಾನುವಾರ ಬೆಳಿಗ್ಗೆ ನಮ್ಮ ಭಾವನ ಹಿತ್ತಲಿಗೆ ಹೋದರೆ ಸಾಕಿತ್ತು.

ಭಾವ ಎಂದರೆ ನನ್ನ ಅಕ್ಕನ ಗಂಡ. ವಾರವೆಲ್ಲ ಗಾರೆ ಕೆಲಸ, ಭಾನುವಾರ ಮೇಷ್ಟ್ರು. ಕೆಲಸ ಕಳೆದುಕೊಂಡವರು, ಓದು ಹತ್ತದವರು, ಕೂಲಿ ಹೊತ್ತು ಸಾಕಾದವರು, ಯಾರು ಬಂದರೂ ಕೈಗೆ ಗಾರೆ ಹಾಕುವ ಕರಣೆ ಕೊಟ್ಟು ನಿಲ್ಲಿಸುತ್ತಿದ್ದರು. ಹಿತ್ತಲಲ್ಲಿ ಒಂದು ರಾಶಿ ಹಳೆ ಇಟ್ಟಿಗೆ ಇತ್ತು. ಬೆಳಿಗ್ಗೆ ಅದರಿಂದ ಗೋಡೆ ಕಟ್ಟುವುದು, ಸಂಜೆ ಕೆಡವುವುದು, ಇಟ್ಟಿಗೆ ಕೆರೆದು ತೊಳೆದು ಮತ್ತೆ ಜೋಡಿಸಿಡುವುದು. ಸಿಮೆಂಟ್ ಹಾಕಿದರೆ ಇಟ್ಟಿಗೆ ಬಿಡಿಸಲು ಬರುವುದಿಲ್ಲ. ಅದಕ್ಕೆ ಸುಣ್ಣ ಮರಳು ಕಲಸಿ ಕಟ್ಟಿಸುತ್ತಿದ್ದರು. ಅದಕ್ಕೆ ಅವರಿಟ್ಟ ಹೆಸರು ಪಾಠದ ಗಾರೆ.

"ಇವರ ಗೋಡೆಗೆ ಒಂದು ಹಗ್ಗ ಕಟ್ಟಿ ಬಟ್ಟೆ ಒಣಗಿಸೋಣ ಅಂದ್ರೆ, ಬಟ್ಟೆ ಒಣಗೋ ಮೊದಲೇ ಗೋಡೆ ಇರಲ್ಲ ಕಣೋ," ಎಂದು ಅಕ್ಕ ನನ್ನ ಹತ್ತಿರ ದೂರುತ್ತಿದ್ದಳು.

ಹಿತ್ತಲಿನ ಪಾಠಕ್ಕೆ ಒಂದೇ ನಿಯಮ. "ಬಾಯಿ ಮುಚ್ಚಿ, ಕೈ ಬಿಚ್ಚಿ." ಏನು ಕೇಳುವುದಿದ್ದರೂ ಗೋಡೆ ಎದ್ದ ಮೇಲೆ. ಹೇಳಿದ್ದನ್ನು ಹೇಳಿದ ಹಾಗೆ ಮಾಡದವರನ್ನು ಭಾವ ಮನೆಗೆ ಕಳಿಸಿಬಿಡುತ್ತಿದ್ದರು.

ಶಿಷ್ಯರಲ್ಲಿ ಒಬ್ಬಳು ಬಾಂಡ್ಲಿ ಅಕ್ಕ. ಮೇಸ್ತ್ರಿಗಳಿಗೆ ಬಾಂಡ್ಲಿ ತುಂಬ ಗಾರೆ ಹೊತ್ತು ಹೊತ್ತು ನೆತ್ತಿಯ ಕೂದಲು ಸವೆದಿತ್ತು, ಹಾಗಾಗಿ ಆ ಹೆಸರು. "ಹೊತ್ತದ್ದು ಸಾಕು ಮೇಷ್ಟ್ರೇ, ಇನ್ನು ಇಡೋದು ಕಲಿಸಿ," ಎಂದು ಬಂದವಳು. ಕೈ ಚೆನ್ನಾಗಿತ್ತು. ಆದರೂ ಕೆಲಸಕ್ಕೆ ಕರೆಯುವವರು ಅವಳಿಗೆ ಬಾಂಡ್ಲಿಯನ್ನೇ ಕೊಡುತ್ತಿದ್ದರು. ಗೋಡೆ ಯಾರೂ ಕೊಟ್ಟಿರಲಿಲ್ಲ.

ಆ ವರ್ಷ ಬೀದಿಯವರು ಸೇರಿ, ಗಿರಣಿಗೆ ಹೋಗುವ ತಾಯಂದಿರು ಮಕ್ಕಳನ್ನು ಬಿಟ್ಟುಹೋಗಲು ಒಂದು ಕೋಣೆ ಕಟ್ಟಿಸಲು ಹೊರಟರು. ಜಾಗ ಭಾವನ ಹಿತ್ತಲಿಗೇ ಅಂಟಿಕೊಂಡಿತ್ತು. ಕಮಿಟಿಯ ಹಿರಿಯ ನಮ್ಮ ದರ್ಜಿ. ಕಂಟ್ರಾಕ್ಟರಿಗೆ ಕೊಡೋಣ ಎಂದ. ಭಾವ ಬಿಡಲಿಲ್ಲ. "ನಮ್ಮ ಮಕ್ಕಳು ಮಲಗೋ ಕೋಣೆ, ಕೂಲಿ ಬೇಡ, ನಾನೇ ಕಟ್ತೀನಿ," ಎಂದರು. ಮೂರು ಗೋಡೆ ಹೇಳಿದ ಹಾಗೆ ಸಿಮೆಂಟಿನಲ್ಲೇ ಎದ್ದವು. ನಾಲ್ಕನೆಯದನ್ನು ಭಾನುವಾರಕ್ಕೆ ಉಳಿಸಿಕೊಂಡರು. ನಿಜವಾದ ಗೋಡೆ ಹೇಗೆ ಏಳುತ್ತದೆ ಎಂದು ಶಿಷ್ಯರು ನೋಡಲಿ ಎಂಬ ಆಸೆ.

ಆಸೆಯೇ ಕೆಡಿಸಿತು. ಶಿಷ್ಯರು ಸುತ್ತ ನಿಂತರು, ಭಾವನಿಗೆ ಮೇಷ್ಟ್ರ ಗಂಟಲು ಬಂತು. ದಾರ ಹಿಡಿಯುವುದು ಹೀಗೆ, ಮೂಲೆ ತಿರುಗಿಸುವುದು ಹೀಗೆ ಎಂದು ಹೇಳುತ್ತ ಹೇಳುತ್ತ, ಪ್ರತಿ ಭಾನುವಾರ ಕೂಗುವ ಹಾಗೆಯೇ ಕೂಗಿದರು. "ಸುಣ್ಣ ತನ್ನಿ!" ಬಾಂಡ್ಲಿ ಅಕ್ಕ ಹಿತ್ತಲಿಗೆ ಹೋಗಿ ಸುಣ್ಣ ತಂದಳು. ಕಲಸಿದರು. ಸಂಜೆಗೆ ಗೋಡೆ ಎದೆಮಟ್ಟ ಬಂತು. ಉಳಿದ ರಾಶಿಗೆ ಒದ್ದೆ ಗೋಣಿ ಹೊದಿಸಿದರು.

ಸೋಮವಾರ ಬೆಳಿಗ್ಗೆ ಗೋಣಿ ತೆಗೆದು ಕರಣೆ ಹಾಕಿದರೆ ರಾಶಿ ಬೆಣ್ಣೆಯ ಹಾಗಿತ್ತು. ಸಿಮೆಂಟಾಗಿದ್ದರೆ ರಾತ್ರಿ ಕಳೆಯುವುದರಲ್ಲಿ ಕಲ್ಲಾಗಿರುತ್ತಿತ್ತು. ಅದೂ ಭಾವನಿಗೆ ತಟ್ಟಲಿಲ್ಲ. ಹಿತ್ತಲಿನಲ್ಲಿ ಪ್ರತಿ ವಾರ ಕಾಣುವುದು ಅದನ್ನೇ ತಾನೆ. ನಾನೂ ಬಂದು ನೋಡಿದೆ, ನಾನು ಕಳಿಸಿದ ಸಿಮೆಂಟಿನ ಮೂಟೆ ಬಾಯಿ ಹೊಲಿದ ಹಾಗೆಯೇ ನಿಂತಿತ್ತು. ಭಾವ ಉಳಿತಾಯ ಮಾಡುತ್ತಿದ್ದಾರೆ ಎಂದು ಸಂತೋಷಪಟ್ಟೆ. ಸಂಜೆಗೆ ಗೋಡೆ ಪೂರ್ತಿಯಾಯಿತು. ಬುಧವಾರ ತಾರಸಿಯವರು ಬರುವುದಿತ್ತು.

ಗೋಡೆಗೆ ನೀರು ಹೊಡೆಯುತ್ತಿದ್ದ ಬಾಂಡ್ಲಿ ಅಕ್ಕ ಕೊಡ ಕೆಳಗಿಟ್ಟಳು. ಇಟ್ಟಿಗೆಯ ಸಂದುಗಳಿಂದ ಹಾಲಿನಂಥ ನೀರು ಇಳಿಯುತ್ತಿತ್ತು.

"ಗೋಡೆ ಎದ್ದಾಯ್ತು, ಈಗ ಕೇಳಬಹುದಾ ಮೇಷ್ಟ್ರೇ?"

"ಕೇಳಮ್ಮ."

"ಇದನ್ನ ಯಾವತ್ತು ಕೆಡವೋದು?"

ಭಾವ ನಕ್ಕರು. ಆಮೇಲೆ ಆ ನೀರು ನೋಡಿದರು. ಹತ್ತಿರ ಹೋಗಿ ಉಗುರಿನಿಂದ ಸಂದು ಕೆರೆದರು. ಪುಡಿಪುಡಿಯಾಗಿ ಅಂಗೈಗೆ ಬಿತ್ತು. ಅದನ್ನು ಹಿಡಿದುಕೊಂಡೇ ಮರಳಿನ ಗುಡ್ಡೆಯ ಮೇಲೆ ಕುಳಿತುಬಿಟ್ಟರು.

"ಗೊತ್ತಿದ್ದೂ ಯಾಕೆ ಹೇಳ್ಲಿಲ್ಲ ನೀನು?" ಎಂದು ರೇಗಿದರು.

"ಬಾಯಿ ಮುಚ್ಚಿ ಅಂತ ಹೇಳಿದ್ದು ಯಾರು? ಮೇಷ್ಟ್ರ ಲೆಕ್ಕ ಏನೋ ಇರ್ಬೇಕು ಅಂದ್ಕೊಂಡೆ. ಇಲ್ಲೇ ಮಲಗೋದು ನನ್ನ ಮೊಮ್ಮಗಳೂ, ಅದಕ್ಕೇ ಈಗ ಕೇಳಿದೆ."

ನಾನು ವ್ಯಾಪಾರದವನು, ದಾರಿ ಹುಡುಕುವುದು ನನ್ನ ಬುದ್ಧಿ. "ಭಾವ, ಯಾರಿಗೂ ಗೊತ್ತಿಲ್ಲ. ಕತ್ತಲಾಗಲಿ, ನಾವು ಮೂವರೇ ಕೆಡವಿಬಿಡೋಣ. ತಳಪಾಯ ಕುಸಿದಿತ್ತು ಅಂತ ಹೇಳಿದರಾಯ್ತು," ಎಂದೆ. ಭಾವ ಹೂಂ ಎಂದರು. ಇಷ್ಟು ವರ್ಷದ ಹೆಸರು, ಯಾರಿಗೆ ತಾನೆ ಬೇಡ?

ಬಾಂಡ್ಲಿ ಅಕ್ಕ ಮಾತ್ರ ಕೊಡ ಎತ್ತಿ ಸೊಂಟಕ್ಕಿಟ್ಟುಕೊಂಡು, "ಕತ್ತಲಲ್ಲಿ ಕೆಡವಿದ್ರೆ ಅರ್ಧ ಇಟ್ಟಿಗೆ ಒಡೆದುಹೋಗ್ತವೆ. ಮತ್ತೆ ತರೋಕೆ ಬೀದಿಯವರ ಹತ್ತಿರ ದುಡ್ಡು ಎಲ್ಲಿದೆ? ಹಗಲು ಬಿಡಿಸಿದ್ರೆ ಎಲ್ಲಾ ಉಳೀತವೆ. ನೋಡಿ, ನಿಮಗೆ ಬಿಟ್ಟದ್ದು," ಎಂದು ಮನೆಗೆ ಹೋದಳು.

ಮಂಗಳವಾರ ಬೆಳಿಗ್ಗೆ, ಗಿರಣಿಗೆ ಹೋಗುವವರೆಲ್ಲ ಬೀದಿಯಲ್ಲಿರುವ ಹೊತ್ತಿಗೆ, ಭಾವ ಗೋಡೆಯ ಮೇಲಿನ ಸಾಲಿನಿಂದ ಇಟ್ಟಿಗೆ ಬಿಡಿಸಿ ಬಿಡಿಸಿ ಕೆಳಗೆ ಕೊಡುತ್ತಿದ್ದರು. ಅಕ್ಕ, ನಾನು, ಬಾಂಡ್ಲಿ ಅಕ್ಕ ಕೆರೆದು ಜೋಡಿಸುತ್ತಿದ್ದೆವು. ಹೆಂಗಸರು ನಿಂತು ನೋಡಿದರು. ದರ್ಜಿ ಟೇಪು ಕುತ್ತಿಗೆಯಲ್ಲಿದ್ದ ಹಾಗೆಯೇ ಓಡಿಬಂದ.

"ಏನ್ ಮೇಷ್ಟ್ರೇ, ನಮ್ಮ ಗೋಡೆ ಮೇಲೂ ಪಾಠಾನಾ?"

"ಅದೇ ಆಗಿದ್ದು," ಎಂದರು ಭಾವ, ಮೇಲಿನಿಂದಲೇ. "ಪಾಠದ ಗಾರೆ ಹಾಕಿಬಿಟ್ಟೆ. ಮಾತಾಡ್ತಾ ಮೈಮರೆತೆ."

"ಇಡೀ ಗೋಡೆಗಾ?"

"ಇಡೀ ಗೋಡೆಗೆ."

ದರ್ಜಿ ಟೇಪಿನ ತುದಿ ಬೆರಳಿಗೆ ಸುತ್ತಿಕೊಂಡ. "ನಿಮ್ಮ ಕೈ ಮೇಲೆ ನಂಬಿಕೆ ಇಲ್ಲ ಅಂತಲ್ಲ ಮೇಷ್ಟ್ರೇ..." ಎಂದ. ಹಾಗೆ ಶುರುವಾದ ಮಾತು ಎಲ್ಲಿಗೆ ಹೋಗುತ್ತದೆ ಎಂದು ಎಲ್ಲರಿಗೂ ಗೊತ್ತು. "ಮಕ್ಕಳ ವಿಷಯ. ಈ ಗೋಡೆ ಬೇರೆಯವರು ಕಟ್ಟಲಿ."

"ಕಟ್ಟಲಿ," ಎಂದರು ಭಾವ. ಏಣಿ ಇಳಿದು ಬಂದು, ಸೊಂಟದಲ್ಲಿದ್ದ ತಮ್ಮ ಕರಣೆ ತೆಗೆದು ಬಾಂಡ್ಲಿ ಅಕ್ಕನ ಮುಂದೆ ಹಿಡಿದರು. "ಇವಳು ಕಟ್ಟಲಿ."

"ಇವಳಾ? ಇವಳು ಗೋಡೆ ಕಟ್ಟಿದ್ದು ಎಲ್ಲಿ?"

"ನನ್ನ ಹಿತ್ತಲಲ್ಲಿ. ಈ ಗೋಡೆ ಸರಿ ಇಲ್ಲ ಅಂತ ಗೊತ್ತಾಗಿದ್ದು ಇವಳೊಬ್ಬಳಿಗೇ. ನನಗೆ ಆಗ್ಲಿಲ್ಲ, ನಿನಗೂ ಆಗ್ಲಿಲ್ಲ."

ಅವಳು ಕರಣೆ ತಕ್ಷಣ ತೆಗೆದುಕೊಳ್ಳಲಿಲ್ಲ. "ಕಟ್ತೀನಿ. ಆದ್ರೆ ನಾನು ಬಾಯಿ ಮುಚ್ಚಲ್ಲ. ಕೇಳ್ತಾನೇ ಇರ್ತೀನಿ, ನೀವು ಹೇಳ್ತಾ ಇರ್ಬೇಕು."

"ಆಯ್ತು, ಹಿಡಿ," ಎಂದರು.

ತಾರಸಿಯವರು ಬೈದುಕೊಂಡು ಕೆಲಸ ಒಂದು ವಾರ ಮುಂದೆ ಹಾಕಿದರು. ನನ್ನ ಮೂಟೆಯ ಹೊಲಿಗೆ ಕೊನೆಗೂ ಬಿಚ್ಚಿತು. ಅವಳು ಇಟ್ಟಿಗೆ ಇಟ್ಟಳು, ಭಾವ ಗಾರೆ ಕಲಸಿ ಬಾಂಡ್ಲಿ ಹೊತ್ತರು. ಪ್ರತಿ ಬಾಂಡ್ಲಿಗೂ ಅವಳು, "ಯಾವ ಗಾರೆ?" ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದಳು. ಭಾವ ತಲೆಯ ಮೇಲಿನ ಬಾಂಡ್ಲಿ ಅಲುಗದ ಹಾಗೆ ನಿಂತು, "ಸಿಮೆಂಟು," ಎನ್ನುತ್ತಿದ್ದರು. ಮೊದಲ ದಿನ ಜನ ನಕ್ಕರು. ಎರಡನೆಯ ದಿನ ದರ್ಜಿಯೇ ದಾರ ಹಿಡಿದ. ಅಕ್ಕ ಮಾತ್ರ ಒಳಗೆ ಹೋಗಿ ಕಣ್ಣೊರೆಸಿಕೊಂಡಳು. ಆಮೇಲೆ ಬಂದು, "ಇಷ್ಟು ವರ್ಷ ಇವರನ್ನ ಹೀಗೆ ಪ್ರಶ್ನೆ ಕೇಳೋಕೆ ನನಗೆ ಹೊಳೀಲೇ ಇಲ್ಲವಲ್ಲೇ," ಎಂದು ಬಾಂಡ್ಲಿ ಅಕ್ಕನನ್ನು ರೇಗಿಸಿದಳು.

ಮುಂದಿನ ಭಾನುವಾರ ಹಿತ್ತಲಿನ ನಿಯಮ ಬದಲಾಯಿತು. ಯಾರೇ ಗಾರೆ ಕಲಸಿದರೂ ಇನ್ನೊಬ್ಬರು ಕೇಳಲೇಬೇಕು, ಯಾವ ಗಾರೆ ಎಂದು. ಮೇಷ್ಟ್ರನ್ನೂ ಕೇಳಬೇಕು. ಕೇಳದವರನ್ನು ಭಾವ ಮನೆಗೆ ಕಳಿಸುತ್ತಾರೆ.

ಈಗ ಕೋಣೆಯಲ್ಲಿ ಮಕ್ಕಳು ಮಲಗುತ್ತಾರೆ. ಬಾಂಡ್ಲಿ ಅಕ್ಕನ ಮೊಮ್ಮಗಳ ಜಾಗ ಆ ನಾಲ್ಕನೆಯ ಗೋಡೆಯ ಬುಡದಲ್ಲೇ. ಹೊರಮೈಗೆ ಅಕ್ಕ ಒಂದು ಮೊಳೆ ಹೊಡೆಸಿ ಬಟ್ಟೆಯ ಹಗ್ಗ ಕಟ್ಟಿದ್ದಾಳೆ. ಬಾಂಡ್ಲಿ ಅಕ್ಕನನ್ನು ಜನ ಈಗಲೂ ಬಾಂಡ್ಲಿ ಅಕ್ಕ ಎಂದೇ ಕರೆಯುತ್ತಾರೆ, ಆದರೆ ಅವಳಿಗೆ ಬಾಂಡ್ಲಿ ಬೇರೆಯವರು ತಂದುಕೊಡುತ್ತಾರೆ.

ಭಾವನನ್ನು ಆಮೇಲೆ ಯಾರೂ ಮನೆ ಕಟ್ಟಲು ಕರೆಯಲಿಲ್ಲ. ಒಬ್ಬರೂ ಕಾರಣ ಹೇಳಲಿಲ್ಲ, ಭಾವ ಕೇಳಲೂ ಇಲ್ಲ. ನನ್ನ ಅಂಗಡಿಯಲ್ಲಿ ಕುಳಿತು ಮರಳು ಅಳೆಯುತ್ತಾರೆ, ಭಾನುವಾರ ಪಾಠ ಮಾಡುತ್ತಾರೆ. ಒಂದು ಮೂಟೆ ಸುಣ್ಣ ಹಾಳಾಯಿತು, ಏಳು ಇಟ್ಟಿಗೆ ಒಡೆದವು, ಒಬ್ಬ ಮೇಸ್ತ್ರಿಯ ಕೆಲಸ ಹೋಯಿತು. ಮಕ್ಕಳಿಗೆ ಕೋಣೆಯಾಯಿತು, ಬೀದಿಗೆ ಇನ್ನೊಬ್ಬಳು ಮೇಸ್ತ್ರಿ ಸಿಕ್ಕಳು.