ಬಣ್ಣ ಬಿಟ್ಟ ಕಂಠಿ

ಮೂರನೆಯ ತಂಬಿಗೆ ಯಮುನೆಯ ನೀರು ಎದೆಯ ಮೇಲೆ ಬಿದ್ದದ್ದೇ ತಡ, ಛಿದ್ದಾಲಾಲನ ಕೊರಳಿಂದ ಕಂದು ಬಣ್ಣ ಇಳಿಯಿತು.

"ತಡೀರಿ, ತಡೀರಿ." ಸತ್ತವನ ತಮ್ಮ ಪೂರನ್ ಬಗ್ಗಿ, ಹೆಣಕ್ಕೆ ಆಗಷ್ಟೇ ಕಟ್ಟಿದ್ದ ತುಳಸಿಮಣಿಯ ಕಂಠಿಯನ್ನು ಹೆಬ್ಬೆರಳಲ್ಲಿ ಉಜ್ಜಿದ. ಬೆರಳು ಕಂದಾಯಿತು. "ತುಳಸಿ ಎಲ್ಲಾದ್ರೂ ಬಣ್ಣ ಬಿಡುತ್ತೇನ್ರಯ್ಯಾ? ಇದು ಯಾವುದೋ ಬೇಲಿ ಕಡ್ಡಿ!"

ಐವತ್ತು ವರ್ಷ ತುಳಸಿಮಣಿ ಕಡೆದ ಜೀವ. ನಿನ್ನೆ ತುಳಸಿಮದುವೆಯಂದು ಊರಿನ ಕೊರಳಿಗೆಲ್ಲ ಹೊಸ ಕಂಠಿ ಕಟ್ಟಿದ್ದೂ ಅವನ ಕೈಯೇ. ಅವಕ್ಕಿನ್ನೂ ನೀರು ಸೋಕಿರಲಿಲ್ಲ. ಅಂಗಳದಲ್ಲಿ ಒಬ್ಬೊಬ್ಬರ ಕೈಯೂ ತಂತಮ್ಮ ಕೊರಳಿಗೆ ಹೋದದ್ದನ್ನು ಒಬ್ಬಳೇ ಮಗಳು ಬಿರ್ಮಾ ಕಂಡಳು.

"ತನ್ನ ಕೊನೆಗಾಲಕ್ಕೆ ಅಂತ ಪೆಟ್ಟಿಗೇಲಿ ಇಟ್ಕೊಂಡಿದ್ದೇ ಹಿಂಗೆ! ನಮಗೆ ಕೊಟ್ಟಿದ್ದು ಇನ್ನೆಂಗೋ!" ಎಂದಳು ನೆರೆಮನೆಯ ನತ್ಥೋ. "ಯಮದೂತರು ಬಂದ್ರೆ ಬೇಲಿ ಕಡ್ಡಿ ತೋರಿಸ್ಲಾ?"

"ಬಿಚ್ಚಿ ಎಸೀರಿ ಅದನ್ನ," ಎಂದ ಪೂರನ್.

"ಬೇಡ ಚಿಕ್ಕಪ್ಪ. ಅಪ್ಪನೇ ಇಟ್ಕೊಂಡಿದ್ದು."

"ಓಹೋ! ಹಂಗಾದ್ರೆ ನಿನಗೂ ಗೊತ್ತಿತ್ತು!"

ಗೊತ್ತಿತ್ತು. ಎಷ್ಟು ಗೊತ್ತಿತ್ತು ಎನ್ನುವುದೇ ಅವಳಿಗೆ ಗೊತ್ತಿರಲಿಲ್ಲ.

*

ಎಂಟು ದಿನದ ಹಿಂದೆ, ಅವನಿಂದ ಕಂಠಿ ಕಟ್ಟಿಸಿಕೊಂಡಿದ್ದ ಯಾತ್ರೆಯ ಮುದುಕಿಯೊಬ್ಬಳು ತನ್ನ ಬಿಳಿ ಸೆರಗಿನ ಕಲೆ ತೋರಿಸಿದ್ದಳು. "ನೋಡಯ್ಯಾ ನಿನ್ನ ತುಳಸಿ!"

ಛಿದ್ದಾಲಾಲ ಬಿಳಿಚಿಕೊಂಡ. ಪೊರೆ ಬಂದ ಕಣ್ಣು. ಹೊಸಬನೊಬ್ಬ ತಂದ ಕಡ್ಡಿಯ ಹೊರೆಯನ್ನು ತುಳಸಿಯೆಂದೇ ನಂಬಿಬಿಟ್ಟಿದ್ದ. ತಡವರಿಸುತ್ತ ಪೆಟ್ಟಿಗೆ ತೆರೆದ. ತೀರಿಹೋದ ಹೆಂಡತಿ ನೀರೆರೆದ ಕಟ್ಟೆಯಲ್ಲಿ ತಾನಾಗಿ ಒಣಗಿದ ತುಳಸಿಯಿಂದ ಕಡೆದು, ತನ್ನ ಕೊನೆಯ ದಿನಕ್ಕೆಂದು ಕಾದಿಟ್ಟ ಕಂಠಿಯನ್ನು ಮುದುಕಿಯ ಕೊರಳಿಗೆ ಕಟ್ಟಿ ಕೈಮುಗಿದ. ಅವಳು ಹಿಂದಿರುಗಿಸಿದ ಬಣ್ಣ ಬಿಟ್ಟ ಕಂಠಿಯನ್ನು ಪೆಟ್ಟಿಗೆಯಲ್ಲಿಟ್ಟ.

"ಅದನ್ಯಾಕಪ್ಪ? ಒಲೆಗೆ ಹಾಕು."

"ತುಳಸಿ ಅಂತ ಹೇಳಿ ಕಟ್ಟಿದ್ದೀನಲ್ಲ ಮಗಳೇ. ಸುಳ್ಳು ನನ್ನದು. ನನ್ನ ಕೊರಳಲ್ಲೇ ಸುಡ್ಲಿ."

"ಆ ಹೊರೇಲಿ ಇನ್ನೆಷ್ಟು ಕಡೆದೆ?"

"ಇದೊಂದೇ."

ಹಾಗೆನ್ನುವಾಗ ಅವನು ಅವಳ ಕಡೆ ನೋಡಲಿಲ್ಲ. ಪೊರೆಯ ಕಣ್ಣೋ, ಮರೆಮಾಚುವ ಕಣ್ಣೋ?

*

ಬಿರ್ಮಾ ನಡೆದದ್ದನ್ನು ಹೇಳಿದಳು.

"ಮಗಳಲ್ವಾ, ಹೇಳ್ತಾಳೆ," ಎಂದ ಪೂರನ್. "ಆ ಮುದುಕೀನ ಸಾಕ್ಷಿಗೆ ಎಲ್ಲಿಂದ ತರ್ತೀಯವ್ವ?"

ಆದರೂ ಕಂಠಿ ಕೊರಳಲ್ಲೇ ಉಳಿಯಿತು. ಚಟ್ಟ ಎದ್ದಿತು.

ಇಳಿಹೊತ್ತಿಗೆ ಗಂಡಸರು ಯಮುನೆಯಲ್ಲಿ ಮುಳುಗೆದ್ದು, ಒದ್ದೆ ಪಂಚೆಯಲ್ಲೇ ಬಂದರು. ಬಿರ್ಮಾ ಬೇವಿನ ಟೊಂಗೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಮಸಣದಿಂದ ಬಂದವರ ರೂಢಿಯಂತೆ ಒಬ್ಬೊಬ್ಬರಿಗೂ ಜಗಿಯಲು ಎಲೆ ಕೊಡುತ್ತ ಒಂದೊಂದೇ ಕೊರಳು ನೋಡಿದಳು. ನೀರು ಇಳಿಯುತ್ತಿತ್ತು, ಬರೀ ನೀರು.

ಕೊನೆಗೆ ಪೂರನ್ ಬಂದ. ಬಿಳಿ ವಸ್ತ್ರವನ್ನು ಕೊರಳಿಗೆ ಬಿಗಿಯಾಗಿ ಸುತ್ತಿಕೊಂಡಿದ್ದ.

"ಬಿಚ್ಚು ಚಿಕ್ಕಪ್ಪ."

"ಚಳಿ ಕಣೆ."

ಅವಳು ಎಲೆ ಕೊಡದೆ ನಿಂತಳು. ಪೂರನ್ ಮೆಲ್ಲಗೆ ಸುತ್ತು ಬಿಚ್ಚಿದ. ಕಂಠಿಯನ್ನು ಉಜ್ಜಿ ಉಜ್ಜಿ ಅವನ ಕೊರಳ ಚರ್ಮ ಕೆಂಪಗೆ ಸುಲಿದಿತ್ತು. ಒದ್ದೆ ಕಂಠಿಗೆ ಒತ್ತಿದ್ದ ಬಟ್ಟೆ ಬೆಳ್ಳಗೇ ಇತ್ತು.